ಪರದೇಶದಲ್ಲಿ ವಿದ್ಯಾರ್ಥಿ: ಡಾ. ಬಾಬಾಸಾಹೇಬ ಅಂಬೇಡ್ಕರರ ವ್ಯಾಸಂಗ ಜೀವನ

ಭಾರತರತ್ನ ಡಾ. ಭೀಮರಾವ್ ರಾಮಜಿ ಅಂಬೇಡ್ಕರರ ಹೆಸರನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿ, ಸ್ವತಂತ್ರ ಭಾರತದ ಪ್ರಥಮ ಕಾನೂನು ಸಚಿವರಾಗಿ, ಶತಮಾನಗಳಿಂದ ತುಳಿತಕ್ಕೊಳಗಾದ ಜನರ ನಾಯಕರಾಗಿ ಅವರನ್ನು ನಾವು ಸ್ಮರಿಸುತ್ತೇವೆ. ಶಾಲೆಯ ಗೋಡೆಯ ಮೇಲೆ ಅವರ ಭಾವಚಿತ್ರವಿದೆ. ಏಪ್ರಿಲ್ 14ರಂದು ಅದಕ್ಕೆ ಹೂಮಾಲೆ ಹಾಕುತ್ತೇವೆ. ಆದರೆ ಆ ಭಾವಚಿತ್ರದಲ್ಲಿ ಕೈಯಲ್ಲಿ ಪುಸ್ತಕ ಹಿಡಿದು ನಿಂತಿರುವ ಮಹನೀಯರು ಆ ಪುಸ್ತಕಕ್ಕಾಗಿ ತೆತ್ತ ಬೆಲೆ ಏನೆಂಬುದನ್ನು ವಿವರವಾಗಿ ಬಲ್ಲವರು ವಿರಳ. ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಅಂಬೇಡ್ಕರರ ಜೀವನದ ಒಂದು ಭಾಗವನ್ನು ಮಾತ್ರ, ಅಂದರೆ ಅವರು ಪರದೇಶದಲ್ಲಿ ವಿದ್ಯಾರ್ಥಿಯಾಗಿದ್ದ ಕಾಲವನ್ನು, ಓದುಗರ ಮುಂದಿಡಲು ಬಯಸುತ್ತೇನೆ. ಆ ಕಥೆಯ ಕೊನೆಯಲ್ಲಿ ನಮ್ಮ ಸೊಲ್ಲಾಪುರದ ಹೆಸರೂ ಬರುತ್ತದೆ.

ಬಾಲ್ಯ ಮತ್ತು ಆರಂಭದ ಶಿಕ್ಷಣ

ಅಂಬೇಡ್ಕರರು ಜನಿಸಿದುದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ದಂಡುಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದರು; ತಾಯಿ ಭೀಮಾಬಾಯಿ. ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಮಹಾರ್ ಸಮಾಜದಲ್ಲಿ ಹುಟ್ಟಿದ ಈ ಬಾಲಕನು ಸಾತಾರೆಯ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತು ಅಕ್ಷರ ಕಲಿತನು. ಬಾಯಾರಿದಾಗ ನೀರಿನ ನಲ್ಲಿಯನ್ನು ತಾನಾಗಿ ಮುಟ್ಟುವಂತಿರಲಿಲ್ಲ. ಶಾಲೆಯ ಜವಾನನು ಬಂದು ನಲ್ಲಿ ತಿರುಗಿಸಿದರೆ ನೀರು, ಇಲ್ಲವಾದರೆ ಇಲ್ಲ.

ಕುಟುಂಬವು ಮುಂಬಯಿಗೆ ಬಂದ ಮೇಲೆ ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ವಾಸ. ಅಡುಗೆ, ಊಟ, ನಿದ್ರೆ, ಓದು ಎಲ್ಲವೂ ಅಲ್ಲಿಯೇ. ಮನೆಯವರೆಲ್ಲ ಮಲಗಿದ ಮೇಲೆ ಮಗನು ಸ್ವಲ್ಪ ಹೊತ್ತು ನಿದ್ರಿಸುತ್ತಿದ್ದನು. ನಡುರಾತ್ರಿ ಕಳೆದ ಮೇಲೆ ತಂದೆಯೇ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಪುಸ್ತಕ ಬೇಕೆಂದರೆ ಕೈಯಲ್ಲಿ ಹಣವಿಲ್ಲದಿದ್ದರೂ ಇಲ್ಲವೆನ್ನದೆ, ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಅವರ ಒಡವೆಯನ್ನು ಎರವಲು ತಂದು ಒತ್ತೆಯಿಟ್ಟು ಪುಸ್ತಕ ಕೊಡಿಸಿದ ತಂದೆ ಅವರು. 1907ರಲ್ಲಿ ಭೀಮರಾವ್ ಎಲ್ಫಿನ್‌ಸ್ಟನ್ ಪ್ರೌಢಶಾಲೆಯಿಂದ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ದೊರೆತುದು 750ಕ್ಕೆ 282 ಅಂಕಗಳು. ಮುಂದೆ ಜಗತ್ತಿನ ಎರಡು ಮಹಾ ವಿಶ್ವವಿದ್ಯಾಲಯಗಳಿಂದ ಡಾಕ್ಟರೇಟ್ ಪಡೆದವರ ಮೆಟ್ರಿಕ್ ಅಂಕಗಳು ಇಷ್ಟೇ ಎಂಬುದನ್ನು ನಮ್ಮ ಮಕ್ಕಳೂ, ಅವರಿಗಿಂತ ಹೆಚ್ಚಾಗಿ ಪಾಲಕರೂ ಗಮನಿಸಬೇಕು.

ಆ ತೇರ್ಗಡೆಯನ್ನು ಅಭಿನಂದಿಸಲು ಒಂದು ಸಭೆ ಸೇರಿತು. ಶಿಕ್ಷಕರೂ ಲೇಖಕರೂ ಆಗಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರರು ತಾವು ಮರಾಠಿಯಲ್ಲಿ ಬರೆದ ಬುದ್ಧಚರಿತ್ರೆಯನ್ನು ಆ ಬಾಲಕನಿಗೆ ಕಾಣಿಕೆಯಾಗಿ ಕೊಟ್ಟರು. ಉದ್ಯಾನದಲ್ಲಿ ಒಬ್ಬನೇ ಕುಳಿತು ಓದುತ್ತಿದ್ದ ಹುಡುಗನನ್ನು ಗುರುತಿಸಿ ಮಾತನಾಡಿಸಿದ್ದ ಗುರುಗಳು ಅವರು. ತಂದೆಗೆ ಕಾಲೇಜಿನ ವೆಚ್ಚ ಭರಿಸಲಾಗದೆ ಹೋದಾಗ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿಗೆ ಅವನನ್ನು ಕರೆದೊಯ್ದವರೂ ಅವರೇ. ಮಹಾರಾಜರು ತಿಂಗಳಿಗೆ 25 ರೂಪಾಯಿಗಳ ವೇತನವನ್ನು ಮಂಜೂರು ಮಾಡಿದರು. ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಯಲು ಅವಕಾಶ ದೊರೆಯದೆ ಪಾರಸಿ ಭಾಷೆಯನ್ನು ಆಯ್ದುಕೊಂಡಿದ್ದ ಭೀಮರಾವ್ 1912ರಲ್ಲಿ ಬಿ.ಎ. ಪದವೀಧರರಾದರು.

1913ರ ಜನವರಿಯಲ್ಲಿ ಅವರು ಬರೋಡೆಯಲ್ಲಿ ಉದ್ಯೋಗಕ್ಕೆ ಸೇರಿ ಕೆಲವೇ ದಿನಗಳಾಗಿದ್ದವು. ತಂದೆಯ ಕಾಯಿಲೆಯ ತಂತಿ ಬಂದಿತು. ಮುಂಬಯಿಗೆ ಮರಳುವಾಗ ತಂದೆಗೆಂದು ಮಿಠಾಯಿ ಕೊಳ್ಳಲು ಸೂರತ್ ನಿಲ್ದಾಣದಲ್ಲಿ ಇಳಿದುದರಿಂದ ರೈಲು ತಪ್ಪಿತು. ಮರುದಿನ ಮನೆ ತಲುಪಿದಾಗ ತಂದೆ ಕೊನೆಯ ಗಳಿಗೆಯಲ್ಲಿದ್ದರು. ಫೆಬ್ರವರಿ 2ರಂದು ರಾಮಜಿ ಸಕ್ಪಾಲರು ತೀರಿಕೊಂಡರು.

ನ್ಯೂಯಾರ್ಕಿನಲ್ಲಿ ಮೂರು ವರ್ಷ

ಅದೇ ವರ್ಷ ಬರೋಡೆಯ ಮಹಾರಾಜರು ಕೆಲವು ವಿದ್ಯಾರ್ಥಿಗಳನ್ನು ಉನ್ನತ ವ್ಯಾಸಂಗಕ್ಕಾಗಿ ಅಮೆರಿಕೆಗೆ ಕಳುಹಿಸಲು ನಿರ್ಧರಿಸಿದರು. ಅಂಬೇಡ್ಕರರೂ ಆಯ್ಕೆಯಾದರು. ಮೂರು ವರ್ಷಗಳವರೆಗೆ ತಿಂಗಳಿಗೆ ಹನ್ನೊಂದೂವರೆ ಪೌಂಡು ವಿದ್ಯಾರ್ಥಿವೇತನ. ವ್ಯಾಸಂಗ ಮುಗಿದ ಮೇಲೆ ಹತ್ತು ವರ್ಷ ಬರೋಡೆ ಸಂಸ್ಥಾನದ ಸೇವೆ. ಈ ಕರಾರಿಗೆ 1913ರ ಜೂನ್ ತಿಂಗಳಲ್ಲಿ ಸಹಿಯಾಯಿತು. ಪತ್ನಿ ರಮಾಬಾಯಿ, ಕೈಗೂಸು ಯಶವಂತ ಮತ್ತು ತಂದೆಯಿಲ್ಲದ ಮನೆಯನ್ನು ಬಿಟ್ಟು ಆ ತರುಣ ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ನಗರಕ್ಕೆ ಬಂದಿಳಿದರು. ಆಗ ಅವರ ವಯಸ್ಸು 22.

ಕೊಲಂಬಿಯಾ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿ ಅವರು ಸೇರಿದರು. ಆರಂಭದಲ್ಲಿ ಅಲ್ಲಿನ ಊಟ ಹಿಡಿಸದೆ ವಾಸಸ್ಥಳವನ್ನು ಬದಲಿಸಬೇಕಾಯಿತು. ಕೊನೆಗೆ ಲಿವಿಂಗ್‌ಸ್ಟನ್ ಹಾಲ್ ಎಂಬ ವಸತಿಗೃಹದಲ್ಲಿ ನೆಲೆಸಿದರು. ನವಲ್ ಭಥೇನಾ ಎಂಬ ಪಾರ್ಸಿ ವಿದ್ಯಾರ್ಥಿ ಅಲ್ಲಿ ಅವರ ಜೊತೆಗಾರನಾದನು. ಆ ಸ್ನೇಹ ಜೀವನಪರ್ಯಂತ ಉಳಿಯಿತು. ಅಂಬೇಡ್ಕರರ ಓದು ನಿಂತಾಗಲೆಲ್ಲ ಅದನ್ನು ಮುಂದುವರಿಸಲು ನೆರವಾದ ಹೆಸರು ಇದು. ಓದುಗರು ಇದನ್ನು ನೆನಪಿನಲ್ಲಿಡಬೇಕು.

ನ್ಯೂಯಾರ್ಕಿನಲ್ಲಿ ಅವರು ತಮ್ಮ ಜೀವನದಲ್ಲಿ ಮೊದಲ ಬಾರಿಗೆ ಯಾರೂ ಜಾತಿ ಕೇಳದ ಸಮಾಜವನ್ನು ಕಂಡರು. ಇತರ ವಿದ್ಯಾರ್ಥಿಗಳ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು; ಯಾವ ನಲ್ಲಿಯನ್ನಾದರೂ ತಿರುಗಿಸಿ ನೀರು ಕುಡಿಯಬಹುದು; ಗ್ರಂಥಾಲಯದಲ್ಲಿ ಯಾವ ಪುಸ್ತಕವನ್ನಾದರೂ ಮುಟ್ಟಬಹುದು. ಆ ಸ್ವಾತಂತ್ರ್ಯವನ್ನು ಅವರು ವಿನೋದಕ್ಕೆ ಬಳಸಲಿಲ್ಲ. ಪದವಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಪಾಠಗಳಿಗೆ ಹೆಸರು ಕೊಟ್ಟರು. ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜ್ಯಶಾಸ್ತ್ರದಲ್ಲಿ 3, ಜೊತೆಗೆ ಪ್ರಾಥಮಿಕ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳ ಪಾಠ. ಸಾರ್ವಜನಿಕ ಹಣಕಾಸಿನ ಪಂಡಿತ ಎಡ್ವಿನ್ ಸೆಲಿಗ್ಮನ್, ತತ್ತ್ವಜ್ಞಾನಿ ಜಾನ್ ಡ್ಯೂಯಿ, ಇತಿಹಾಸಕಾರ ಜೇಮ್ಸ್ ಶಾಟ್‌ವೆಲ್, ಮಾನವಶಾಸ್ತ್ರಜ್ಞ ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಮೊದಲಾದ ವಿದ್ವಾಂಸರು ಅವರಿಗೆ ಗುರುಗಳಾಗಿ ದೊರೆತರು. ಪ್ರಜಾಪ್ರಭುತ್ವವೆಂಬುದು ಸರಕಾರದ ಒಂದು ರೂಪ ಮಾತ್ರವಲ್ಲ, ಮನುಷ್ಯರು ಒಟ್ಟಾಗಿ ಬಾಳುವ ಬಗೆ ಎಂಬ ಡ್ಯೂಯಿಯವರ ವಿಚಾರವು ಅಂಬೇಡ್ಕರರ ಮುಂದಿನ ಬರಹಗಳಲ್ಲೆಲ್ಲ ಹರಿದಿರುವುದನ್ನು ಕಾಣಬಹುದು.

ವಿದ್ಯಾರ್ಥಿವೇತನದಲ್ಲಿಯೇ ಮನೆಗೂ ಹಣ ಕಳುಹಿಸಬೇಕಾಗಿತ್ತು. ಆದ್ದರಿಂದ ಊಟದಲ್ಲಿ ಉಳಿಸಿದರು, ಬಟ್ಟೆಯಲ್ಲಿ ಉಳಿಸಿದರು. ಪುಸ್ತಕದಲ್ಲಿ ಮಾತ್ರ ಉಳಿಸಲಿಲ್ಲ. ಹಳೆಯ ಪುಸ್ತಕಗಳ ಅಂಗಡಿಗಳನ್ನು ಅಲೆದು ಸುಮಾರು ಎರಡು ಸಾವಿರ ಗ್ರಂಥಗಳನ್ನು ಸಂಗ್ರಹಿಸಿದರು. 1915ರಲ್ಲಿ ಪ್ರಾಚೀನ ಭಾರತದ ವಾಣಿಜ್ಯವನ್ನು ಕುರಿತ ಪ್ರಬಂಧಕ್ಕಾಗಿ ಎಂ.ಎ. ಪದವಿ ಬಂದಿತು. 1916ರ ಮೇ 9ರಂದು ಗೋಲ್ಡನ್‌ವೈಸರರ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಉಗಮ ಮತ್ತು ಬೆಳವಣಿಗೆಯನ್ನು ಕುರಿತು ಅವರು ಓದಿದ ಪ್ರಬಂಧವು ಮರುವರ್ಷ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ತನ್ನನ್ನು ಗೋಣಿತಟ್ಟಿನ ಮೇಲೆ ಕೂರಿಸಿದ ವ್ಯವಸ್ಥೆ ಎಲ್ಲಿಂದ ಬಂದಿತು, ಹೇಗೆ ಬೇರೂರಿತು ಎಂಬುದನ್ನು ಸಿಟ್ಟಿನಿಂದಲ್ಲ, ಶಾಸ್ತ್ರದೃಷ್ಟಿಯಿಂದ ಪರೀಕ್ಷಿಸಿದ ಪ್ರಬಂಧವದು. ಆಗ ಅವರಿಗೆ 25 ವರ್ಷ.

ಮುರಿದ ಓದು, ಮುಳುಗಿದ ಪುಸ್ತಕಗಳು

1916ರಲ್ಲಿ ಅವರು ಲಂಡನ್ನಿಗೆ ತೆರಳಿ, ಅರ್ಥಶಾಸ್ತ್ರಕ್ಕಾಗಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಸಂಸ್ಥೆಯನ್ನೂ ಬ್ಯಾರಿಸ್ಟರ್ ಪದವಿಗಾಗಿ ಗ್ರೇಸ್ ಇನ್ ಸಂಸ್ಥೆಯನ್ನೂ ಸೇರಿದರು. ಆದರೆ ಒಂದು ವರ್ಷ ತುಂಬುವಷ್ಟರಲ್ಲಿ ವಿದ್ಯಾರ್ಥಿವೇತನದ ಅವಧಿ ತೀರಿತು. ಮರಳಿ ಬರುವಂತೆ ಬರೋಡೆಯಿಂದ ಸೂಚನೆ ಬಂದಿತು. ಅವರು ಹೊರಡುವ ಮುನ್ನ ಒಂದು ಕೆಲಸ ಮಾಡಿದರು. 1917ರ ಅಕ್ಟೋಬರ್‌ನಿಂದ ನಾಲ್ಕು ವರ್ಷಗಳೊಳಗೆ ಹಿಂದಿರುಗಿ ಓದನ್ನು ಮುಂದುವರಿಸಲು ಲಂಡನ್ ವಿಶ್ವವಿದ್ಯಾಲಯದಿಂದ ಅನುಮತಿ ಪಡೆದುಕೊಂಡರು. ಕೈಯಲ್ಲಿ ಹಣವಿಲ್ಲ, ಮತ್ತೆ ಬರುವ ದಾರಿ ತಿಳಿಯದು. ಆದರೂ ಬಾಗಿಲನ್ನು ಮುಚ್ಚದೆ ಬಂದರು.

ಆಗ ಮೊದಲನೆಯ ಮಹಾಯುದ್ಧದ ಕಾಲ. ಅವರು ಒಂದು ಹಡಗಿನಲ್ಲಿ ಬಂದರು. ಅವರ ಪುಸ್ತಕಗಳ ಗಂಟು ಇನ್ನೊಂದು ಹಡಗಿನಲ್ಲಿ ಹೊರಟಿತು. ಶತ್ರುವಿನ ಟಾರ್ಪೆಡೊ ದಾಳಿಗೆ ಸಿಕ್ಕಿ ಆ ಹಡಗು ಸಮುದ್ರದ ಪಾಲಾಯಿತು. ಕೊಲಂಬಿಯಾದ ಡಾಕ್ಟರೇಟಿಗೆಂದು ಬರೆದಿದ್ದ ಪ್ರಬಂಧದ ಹಸ್ತಪ್ರತಿಯೂ ಅದರೊಂದಿಗೆ ಹೋಯಿತು. 1917ರ ಆಗಸ್ಟ್‌ನಲ್ಲಿ ಮುಂಬಯಿ ಸೇರಿದ ಅವರಿಗೆ ಬರೋಡೆಗೆ ಹೋಗಲು ಹಣವಿರಲಿಲ್ಲ. ಮುಳುಗಿದ ಸಾಮಾನುಗಳಿಗೆ ಪರಿಹಾರವಾಗಿ ಬಂದ ಹಣವೇ ಆ ಪ್ರಯಾಣದ ವೆಚ್ಚಕ್ಕಾಯಿತು.

ಅಮೆರಿಕೆಯ ಎಂ.ಎ. ಪದವೀಧರನಿಗೆ ಬರೋಡೆಯಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿಕೊಂಡು ಉಳಿಯಬೇಕಾಯಿತು. ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದಲೇ ಮೇಜಿನ ಮೇಲೆ ಎಸೆಯುತ್ತಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಹತ್ತು ಹನ್ನೆರಡು ಮಂದಿ ವಸತಿಗೃಹಕ್ಕೆ ನುಗ್ಗಿ, ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಬೆದರಿಸಿದರು. ಆಶ್ರಯ ಕೇಳಿದ ಇಬ್ಬರು ಪರಿಚಿತರೂ, ಒಬ್ಬರು ಹಿಂದೂ, ಒಬ್ಬರು ಕ್ರೈಸ್ತ, ಒಂದೊಂದು ಕಾರಣ ಹೇಳಿ ಕೈಚೆಲ್ಲಿದರು. ರಾತ್ರಿಯ ರೈಲಿಗೆ ಇನ್ನೂ ಕೆಲವು ಗಂಟೆಗಳಿದ್ದುದರಿಂದ ಅವರು ಊರಿನ ಉದ್ಯಾನದಲ್ಲಿ ಕುಳಿತು ಕಣ್ಣೀರು ಸುರಿಸಿದರು. ಅನಂತರ ಮುಂಬಯಿಗೆ ಮರಳಿದರು. ಸಾವಿರಾರು ಮೈಲಿ ದೂರದ ನ್ಯೂಯಾರ್ಕ್ ಅವರಿಗೆ ಪರದೇಶವೆನಿಸಿರಲಿಲ್ಲ; ಸ್ವದೇಶವೇ ಅಂದು ಪರದೇಶವಾಯಿತು.

ಮರಳಿ ಲಂಡನ್ನಿಗೆ

ಇಷ್ಟಕ್ಕೆ ಬೇರೆ ಯಾರಾದರೂ ಓದನ್ನು ಕೈಬಿಡುತ್ತಿದ್ದರು. ಎಂ.ಎ. ಆಗಿತ್ತು, ಸಂಸಾರವಿತ್ತು, ಎಲ್ಲಿಯಾದರೂ ಒಂದು ನೌಕರಿ ಹಿಡಿದು ಸುಮ್ಮನಿರಬಹುದಾಗಿತ್ತು. ಅಂಬೇಡ್ಕರರು ಹಾಗೆ ಮಾಡಲಿಲ್ಲ. 1918ರ ನವೆಂಬರ್‌ನಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಕೈಗೆ ಒಳ್ಳೆಯ ಸಂಬಳ ಬಂದರೂ ಚಾಳಿನ ವಾಸವನ್ನು ಬದಲಿಸದೆ, ರಮಾಬಾಯಿಯವರ ಮಿತವ್ಯಯದ ಬಲದಿಂದ ಲಂಡನ್ನಿನ ಓದಿಗೆಂದು ಹಣ ಕೂಡಿಸಿದರು. 1920ರ ಜನವರಿ 31ರಂದು ಕೊಲ್ಲಾಪುರದ ಶಾಹು ಮಹಾರಾಜರ ನೆರವಿನಿಂದ ‘ಮೂಕನಾಯಕ’ ಎಂಬ ಪಾಕ್ಷಿಕವನ್ನು ಆರಂಭಿಸಿದರು. ಇಂಗ್ಲಿಷಿನಲ್ಲಿ ಪಾಂಡಿತ್ಯ ಸಂಪಾದಿಸಿದವರು ತಮ್ಮ ಜನರೊಡನೆ ಮಾತನಾಡಲು ಆರಿಸಿಕೊಂಡುದು ಮಾತೃಭಾಷೆಯಾದ ಮರಾಠಿಯನ್ನು. ಮಾತೃಭಾಷೆಯ ಶಾಲೆಯನ್ನು ಐವತ್ತು ವರ್ಷ ಉಳಿಸಿಕೊಂಡು ಬಂದಿರುವ ನಮಗೆ ಈ ಸಂಗತಿ ವಿಶೇಷವಾಗಿ ಪ್ರಿಯವಾದುದು.

1920ರ ಜುಲೈ ತಿಂಗಳಲ್ಲಿ, ವಿಶ್ವವಿದ್ಯಾಲಯವು ಕೊಟ್ಟ ನಾಲ್ಕು ವರ್ಷಗಳ ಗಡುವು ತೀರುವ ಮುನ್ನವೇ ಅವರು ಮತ್ತೆ ಹಡಗು ಹತ್ತಿದರು. ತಮ್ಮ ಉಳಿತಾಯ, ಶಾಹು ಮಹಾರಾಜರ ಸಹಾಯ ಮತ್ತು ಸ್ನೇಹಿತ ನವಲ್ ಭಥೇನಾ ಕೊಟ್ಟ 5,000 ರೂಪಾಯಿಗಳ ಸಾಲ, ಇವಿಷ್ಟೇ ಬಂಡವಾಳ. ಈ ಬಾರಿ ಯಾವ ಸಂಸ್ಥಾನದ ವಿದ್ಯಾರ್ಥಿವೇತನವೂ ಇರಲಿಲ್ಲ.

ಲಂಡನ್ನಿನ ಆ ದಿನಗಳ ದಿನಚರಿ ಕಠೋರವಾದುದು. ಬೆಳಿಗ್ಗೆ ಅಲ್ಪ ಉಪಾಹಾರ ಸೇವಿಸಿ, ಬಸ್ಸಿನ ಖರ್ಚು ಉಳಿಸಲು ನಡೆದುಕೊಂಡೇ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯಕ್ಕೆ ಹೋಗುತ್ತಿದ್ದರು. ಬಾಗಿಲು ತೆರೆಯುವಾಗ ಒಳಹೊಕ್ಕವರು ಬಾಗಿಲು ಮುಚ್ಚುವಾಗ ಹೊರಬರುತ್ತಿದ್ದರು. ಇಂಡಿಯಾ ಆಫೀಸಿನ ಗ್ರಂಥಾಲಯ ಮತ್ತು ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿಯೂ ಇದೇ ಕ್ರಮ. ರಾತ್ರಿ ಮತ್ತೆ ಓದು. ಹತ್ತು ಗಂಟೆಯ ಹೊತ್ತಿಗೆ ಹಸಿವು ತಾಳಲಾರದಾದಾಗ, ಪರಿಚಿತರೊಬ್ಬರು ಕೊಟ್ಟಿದ್ದ ಹಪ್ಪಳಗಳಲ್ಲಿ ನಾಲ್ಕನ್ನು ಸುಟ್ಟುಕೊಂಡು ಒಂದು ಲೋಟ ಚಹದೊಂದಿಗೆ ತಿನ್ನುತ್ತಿದ್ದರು. ಕೋಣೆಯ ಜೊತೆಗಾರನು ನಡುರಾತ್ರಿ ಎಚ್ಚರಗೊಂಡು ಮಲಗುವಂತೆ ಹೇಳಿದರೆ, ಬಡತನವೂ ಸಮಯದ ಅಭಾವವೂ ತಮಗೆ ನಿದ್ರಿಸಲು ಅವಕಾಶ ಕೊಡುವುದಿಲ್ಲವೆಂದು ಉತ್ತರ ಬರುತ್ತಿತ್ತು. ಪರೇಲಿನ ಕೋಣೆಯಲ್ಲಿ ತಂದೆಯವರು ಹಾಕಿದ ಅಭ್ಯಾಸ ಲಂಡನ್ನಿನಲ್ಲಿಯೂ ಬಿಡಲಿಲ್ಲ.

1921ರ ಜೂನ್‌ನಲ್ಲಿ ಎಂ.ಎಸ್ಸಿ. ಪದವಿ ದೊರೆಯಿತು. 1922ರಲ್ಲಿ ಬ್ಯಾರಿಸ್ಟರ್ ಆದರು. ಸಮುದ್ರದ ಪಾಲಾಗಿದ್ದ ಪ್ರಬಂಧದ ಬದಲಿಗೆ ಹೊಸದೊಂದನ್ನು ಬರೆದಿರುವುದಾಗಿ ಅದೇ ವರ್ಷ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಗುರು ಸೆಲಿಗ್ಮನರಿಗೆ ಪತ್ರ ಬರೆದರು. ಅಕ್ಟೋಬರ್‌ನಲ್ಲಿ ಲಂಡನ್ ವಿಶ್ವವಿದ್ಯಾಲಯದ ಡಿ.ಎಸ್ಸಿ. ಪದವಿಗಾಗಿ ‘ರೂಪಾಯಿಯ ಸಮಸ್ಯೆ’ ಎಂಬ ಮಹಾಪ್ರಬಂಧವನ್ನು ಒಪ್ಪಿಸಿದರು.

ಇಲ್ಲಿ ಇನ್ನೊಂದು ಅಡ್ಡಿ ಎದುರಾಯಿತು. ರೂಪಾಯಿಯ ಮೌಲ್ಯದ ವಿಷಯದಲ್ಲಿ ಬ್ರಿಟಿಷ್ ಸರಕಾರ ಅನುಸರಿಸಿದ ನೀತಿಯನ್ನು ಆ ಪ್ರಬಂಧವು ಕಟುವಾಗಿ ವಿಮರ್ಶಿಸಿತ್ತು. ಪರೀಕ್ಷಕರು ಅದನ್ನು ತಿದ್ದಿ ಬರೆಯುವಂತೆ 1923ರಲ್ಲಿ ಸೂಚಿಸಿದರು. ಅಷ್ಟರಲ್ಲಿ ಹಣವೆಲ್ಲ ಮುಗಿದಿತ್ತು. ಲಂಡನ್ನಿನಲ್ಲಿ ಉಳಿದು ತಿದ್ದುವ ಶಕ್ತಿಯಿಲ್ಲದೆ ಅವರು ಏಪ್ರಿಲ್‌ನಲ್ಲಿ ಮುಂಬಯಿಗೆ ಮರಳಿದರು. ಪ್ರಬಂಧವನ್ನು ಅಲ್ಲಿಯೇ ತಿದ್ದಿ ಬರೆದರು. ಮಾತಿನ ಧಾಟಿ ಬದಲಾಯಿತು, ಮುಖ್ಯ ನಿರ್ಣಯಗಳು ಬದಲಾಗಲಿಲ್ಲ. ನವೆಂಬರ್‌ನಲ್ಲಿ ಡಿ.ಎಸ್ಸಿ. ಪದವಿ ಬಂದಿತು. ಅವರ ಪ್ರಾಧ್ಯಾಪಕರಾದ ಎಡ್ವಿನ್ ಕ್ಯಾನನ್ನರು, ತಮಗೆ ಎಲ್ಲ ವಾದಗಳೂ ಒಪ್ಪಿಗೆಯಾಗದಿದ್ದರೂ, ಗ್ರಂಥಕ್ಕೆ ಮುನ್ನುಡಿ ಬರೆದರು. ಅಂಬೇಡ್ಕರರು ಅದನ್ನು ತಂದೆತಾಯಿಗಳ ಸ್ಮರಣೆಗೆ ಅರ್ಪಿಸಿದರು.

ಕೊಲಂಬಿಯಾದ ಪ್ರಬಂಧವು ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ವಿಕಾಸವನ್ನು ಕುರಿತುದು. ಸೆಲಿಗ್ಮನರ ಮುನ್ನುಡಿಯೊಂದಿಗೆ ಅದು 1925ರಲ್ಲಿ ಗ್ರಂಥವಾಯಿತು. ಅಚ್ಚಾದ ಪ್ರತಿಗಳನ್ನು ಒಪ್ಪಿಸಿದ ಬಳಿಕವೇ ಅಲ್ಲಿ ಪದವಿ ಕೊಡುವ ನಿಯಮವಿದ್ದುದರಿಂದ ಪಿಎಚ್.ಡಿ. ವಿಧಿವತ್ತಾಗಿ ದೊರೆತುದು 1927ರಲ್ಲಿ. ಈ ಗ್ರಂಥವನ್ನು ಸಯಾಜಿರಾವ್ ಮಹಾರಾಜರಿಗೆ ಕೃತಜ್ಞತೆಯಿಂದ ಅರ್ಪಿಸಿದರು. ಬರೋಡೆಯಲ್ಲಿ ಆದ ಅವಮಾನವನ್ನು ಅವರು ಮರೆಯಲಿಲ್ಲ. ಬರೋಡೆಯ ಅರಸರು ಮಾಡಿದ ಉಪಕಾರವನ್ನೂ ಮರೆಯಲಿಲ್ಲ. ನ್ಯೂಯಾರ್ಕಿನಲ್ಲಿ 1913ರಲ್ಲಿ ತೊಡಗಿದ ಓದು ಪೂರ್ಣಗೊಳ್ಳಲು ಹೀಗೆ ಹದಿನಾಲ್ಕು ವರ್ಷಗಳು ಹಿಡಿದವು.

ಸೊಲ್ಲಾಪುರದ ವಿದ್ಯಾರ್ಥಿನಿಲಯ

ಮುಂಬಯಿಯಲ್ಲಿ ವಕೀಲಿ ವೃತ್ತಿಗೆ ಬೇಕಾದ ಸನದಿನ ಹಣಕ್ಕೂ ಅವರು ಭಥೇನಾ ಅವರಿಂದಲೇ ಸಾಲ ಪಡೆಯಬೇಕಾಯಿತು. ಇಂತಹ ಸ್ಥಿತಿಯಲ್ಲಿದ್ದವರು ಮೊದಲು ಮಾಡಿದ ಕೆಲಸವೇನು? 1924ರ ಜುಲೈನಲ್ಲಿ ‘ಬಹಿಷ್ಕೃತ ಹಿತಕಾರಿಣೀ ಸಭಾ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹಿಂದುಳಿದ ವರ್ಗಗಳ ಮಕ್ಕಳಿಗಾಗಿ ವಿದ್ಯಾರ್ಥಿನಿಲಯ, ವಾಚನಾಲಯಗಳನ್ನು ತೆರೆಯುವುದು ಅದರ ಮುಖ್ಯ ಉದ್ದೇಶ. ಆ ಸಭೆಯು 1925ರ ಜನವರಿ 4ರಂದು ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ವಿದ್ಯಾರ್ಥಿನಿಲಯವನ್ನು ತೆರೆಯಿತು. ತೆರೆದುದು ಮುಂಬಯಿಯಲ್ಲಲ್ಲ, ಪುಣೆಯಲ್ಲಲ್ಲ, ನಮ್ಮ ಸೊಲ್ಲಾಪುರದಲ್ಲಿ!

ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಭಾಷೆಗಳು ಬೆರೆತ ಗಿರಣಿಗಳ ಊರು ಅದಾಗಿತ್ತು. ಲಂಡನ್ನಿನಲ್ಲಿ ಹಪ್ಪಳ ತಿಂದು ಓದಿದವರಿಗೆ ಹಸಿದ ಹೊಟ್ಟೆಯಲ್ಲಿ ಓದುವ ಹುಡುಗನಿಗೆ ಮೊದಲು ಬೇಕಾದುದು ಏನೆಂದು ತಿಳಿದಿತ್ತು. ಅದು ಉಪನ್ಯಾಸವಲ್ಲ, ಎರಡು ಹೊತ್ತಿನ ಊಟ, ತಲೆಯ ಮೇಲೊಂದು ಸೂರು, ರಾತ್ರಿ ಓದಲು ಒಂದು ದೀಪ. ಅನಂತರ ಧಾರವಾಡವೂ ಸೇರಿದಂತೆ ಬೇರೆ ಊರುಗಳಲ್ಲಿಯೂ ಇಂತಹ ನಿಲಯಗಳು ನಡೆದವು.

ಮುಂದಿನ ಮೂರು ದಶಕಗಳ ಅವರ ಸಾರ್ವಜನಿಕ ಜೀವನ ಎಲ್ಲರಿಗೂ ತಿಳಿದುದೇ. ಶಿಕ್ಷಣಕ್ಕೆ ಸಂಬಂಧಿಸಿದ ಕೆಲವನ್ನು ಮಾತ್ರ ಹೇಳುವೆನು. ವೈಸರಾಯರ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದಾಗ, 1942ರ ಅಕ್ಟೋಬರ್‌ನಲ್ಲಿ ಸಲ್ಲಿಸಿದ ಮನವಿಯಲ್ಲಿ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣಕ್ಕೂ ವಿದೇಶ ವ್ಯಾಸಂಗಕ್ಕೂ ಸರಕಾರವು ಹಣ ಒದಗಿಸಬೇಕೆಂದು ಒತ್ತಾಯಿಸಿದರು. 1944ರಲ್ಲಿ ಮೆಟ್ರಿಕೋತ್ತರ ವಿದ್ಯಾರ್ಥಿವೇತನ ಯೋಜನೆ ಆರಂಭವಾಯಿತು. ಇಂದಿಗೂ ಲಕ್ಷಾಂತರ ಮಕ್ಕಳು ಅದರ ನೆರಳಿನಲ್ಲಿ ಓದುತ್ತಿದ್ದಾರೆ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿಯನ್ನು ಸ್ಥಾಪಿಸಿ, 1946ರಲ್ಲಿ ಮುಂಬಯಿಯ ಸಿದ್ಧಾರ್ಥ ಕಾಲೇಜನ್ನೂ 1950ರಲ್ಲಿ ಔರಂಗಾಬಾದಿನ ಕಾಲೇಜನ್ನೂ ತೆರೆದರು.

1952ರ ಜೂನ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯವು ತನ್ನ ಹಳೆಯ ವಿದ್ಯಾರ್ಥಿಯನ್ನು ಕರೆಸಿಕೊಂಡು ಗೌರವ ಡಾಕ್ಟರೇಟ್ ನೀಡಿತು. 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ಅವರು ಪರಿನಿರ್ವಾಣ ಹೊಂದಿದರು. ಲಂಡನ್ನಿನಲ್ಲಿ ಅವರು ಬಾಡಿಗೆಗಿದ್ದ ಕಿಂಗ್ ಹೆನ್ರೀಸ್ ರಸ್ತೆಯ 10ನೆಯ ಸಂಖ್ಯೆಯ ಮನೆಯನ್ನು ಮಹಾರಾಷ್ಟ್ರ ಸರಕಾರವು 2015ರಲ್ಲಿ ಕೊಂಡು ಸ್ಮಾರಕವನ್ನಾಗಿ ಮಾಡಿತು.

ನಮ್ಮ ಮಕ್ಕಳಿಗೆ

ನಮ್ಮ ಶಾಲೆಯಲ್ಲಿ ಓದಿದ ಎಷ್ಟೋ ಮಕ್ಕಳು ಇಂದು ಪುಣೆ, ಬೆಂಗಳೂರುಗಳಲ್ಲಿದ್ದಾರೆ; ಕೆಲವರು ಸಮುದ್ರ ದಾಟಿ ಹೋಗಿದ್ದಾರೆ. ಅವರ ಏಳಿಗೆ ನಮಗೆ ಹೆಮ್ಮೆ. ಆದರೆ ಏಳನೆಯ ತರಗತಿಗೇ ಹತ್ತನೆಯ ತರಗತಿಗೇ ಓದು ಬಿಟ್ಟು ಮಗ್ಗಕ್ಕೋ ಹೊಲಕ್ಕೋ ಹೋದವರೂ, ತಾಯಿಯೊಡನೆ ಬೀಡಿ ಕಟ್ಟಲು ಕುಳಿತ ಹೆಣ್ಣುಮಕ್ಕಳೂ ಕಡಿಮೆಯಿಲ್ಲ. ಅವರಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ ಎಂಬುದನ್ನು ಮುಖ್ಯಾಧ್ಯಾಪಕನಾಗಿ ಅವರ ಉತ್ತರಪತ್ರಿಕೆಗಳನ್ನು ನೋಡಿದ ನಾನು ಬಲ್ಲೆನು. ಕೊರತೆಯಿದ್ದುದು ಒಬ್ಬ ಕೇಳುಸ್ಕರರದು, ಒಬ್ಬ ಭಥೇನಾ ಅವರದು.

ಓದು ನಿಲ್ಲುವುದು ಅವಮಾನವಲ್ಲ. ಅಂಬೇಡ್ಕರರ ಓದೂ ನಿಂತಿತ್ತು. ನಿಂತ ಓದನ್ನು ಮತ್ತೆ ಹಿಡಿಯುವ ಛಲ ವಿದ್ಯಾರ್ಥಿಯದಾಗಬೇಕು. ಅದಕ್ಕೆ ಕೈಗೊಡುವ ಹೊಣೆ ಓದಿ ಮುಂದೆ ಬಂದವರದಾಗಬೇಕು. ಹಳೆಯ ವಿದ್ಯಾರ್ಥಿಗಳಾದ ನೀವು ಈ ಸುವರ್ಣ ವರ್ಷದ ನೆನಪಿಗಾಗಿ ಶಾಲೆಗೆ ಏನನ್ನು ಕೊಡಬೇಕೆಂದು ಯೋಚಿಸುತ್ತಿದ್ದರೆ, ಕಮಾನಿನ ಮೇಲೆ ಹೆಸರು ಕೆತ್ತಿಸುವ ಮೊದಲು, ಫೀ ಕಟ್ಟಲಾಗದೆ ಮನೆಯಲ್ಲಿ ಕುಳಿತಿರುವ ಒಂದು ಮಗುವಿನ ಹೆಸರನ್ನು ಈಗಿನ ಗುರುಗಳಲ್ಲಿ ಕೇಳಿರಿ. ಲಂಡನ್ನಿನಿಂದ ಸಾಲಗಾರರಾಗಿ ಮರಳಿದ ಒಬ್ಬ ವಿದ್ಯಾರ್ಥಿ ಎರಡೇ ವರ್ಷಗಳಲ್ಲಿ ಸೊಲ್ಲಾಪುರದ ಬಡಮಕ್ಕಳಿಗೆ ಊಟ, ಸೂರು ಮತ್ತು ದೀಪ ಒದಗಿಸಿದರು. ಸಾಲವಿಲ್ಲದೆ ನೆಮ್ಮದಿಯಾಗಿರುವ ನಮಗೆ ಅದು ಅಸಾಧ್ಯವಾಗಲಾರದು.